ತೋಟಪ್ಪ ಸಾವ್ಕಾರ್ರ ಶುದ್ಧ ಹಂದಿಗಳು

ತೋಟಪ್ಪ ಸಾವ್ಕಾರ್ರು ಹುಟ್ಟುವಾಗಲೇ ಸಾವ್ಕಾರ್ರಾಗಿರಲಿಲ್ಲ. ಅವರಪ್ಪ ಕಂಪ್ಲಿ ಸಂತೆಯಲ್ಲಿ ನವಣೆ, ಸಜ್ಜೆ ಅಳೆದು ಮಾರುತ್ತಿದ್ದರು. ಮಗನೂ ತಲೆ ಮೇಲೆ ಚೀಲ ಹೊತ್ತು ಅಪ್ಪನ ಹಿಂದೆ ಹಳ್ಳಿ ಹಳ್ಳಿ ತಿರುಗಿದವರೇ. ಆಮೇಲೆ ತುಂಗಭದ್ರಾ ಡ್ಯಾಮಿನ ಕಾಲುವೆ ನೀರು ಬಂತು. ನವಣೆ ಬೆಳೆಯುತ್ತಿದ್ದ ಹೊಲಗಳು ಗದ್ದೆಯಾದವು, ವರ್ಷಕ್ಕೆ ಎರಡು ಸಲ ನೆಲ್ಲು. ನೆಲ್ಲು ಅಂದರೆ ಭತ್ತ. ಬೆಳೆದವರಿಗೆ ಅದನ್ನು ಅಕ್ಕಿ ಮಾಡಿಕೊಡುವವರು ಬೇಕಲ್ಲ. ತೋಟಪ್ಪ ಮೊದಲು ಒಂದು ಸಣ್ಣ ಮಷಿನ್ ಹಾಕಿದರು, ಆಮೇಲೆ ದೊಡ್ಡ ಮಿಲ್ಲನ್ನೇ ಕಟ್ಟಿಸಿದರು. ಮಿಲ್ಲಿನ ಸೈರನ್ ಕೂಗಿದ ದಿನದಿಂದ ಊರವರ ಬಾಯಲ್ಲಿ ತೋಟಪ್ಪ ಹೋಗಿ ಸಾವ್ಕಾರ್ರು ಬಂದರು. ಹೆಗಲ ಮೇಲಿನ ಟವೆಲ್ ಹೋಗಿ ಜರಿ ಶಲ್ಯ ಬಂತು. ಚೀಲ ಹೊತ್ತ ಕಾಲವನ್ನು ನೆನಪು ಮಾಡುವವರ ಜೊತೆ ಅವರ ಮಾತು ಕಡಿಮೆಯಾಯಿತು.

ನನ್ನ ಗಂಡ ಗುಡ್ಡಪ್ಪ ಆ ಮಿಲ್ಲಿನಲ್ಲಿ ನೆಲ್ಲು ಬೇಯಿಸುವ ಒಲೆ ನೋಡಿಕೊಳ್ಳುತ್ತಿದ್ದ. ಬೆಂದ ನೆಲ್ಲನ್ನು ಮಿಲ್ಲಿನ ಕಣದಲ್ಲಿ ಹರವಿ, ಕಾಲಲ್ಲಿ ಗೆರೆ ಎಳೆದು ಎಳೆದು ಒಣಗಿಸುವುದು ನನ್ನ ಕೆಲಸ. ಹಾಗಾಗಿ ಸಾವ್ಕಾರ್ರ ಬದುಕಿನ ಮುಂದಿನ ಭಾಗ ನನಗೆ ಚೆನ್ನಾಗಿ ಗೊತ್ತು.

ಅದು ಶುರುವಾದದ್ದು ತೌಡಿನಿಂದ. ಮಿಲ್ಲು ಹಗಲೂ ರಾತ್ರಿ ಓಡಿದರೆ ತೌಡೂ ಹಗಲೂ ರಾತ್ರಿ ಬೀಳುತ್ತದೆ. ಕೊಳ್ಳುವವರು ತಡ ಮಾಡಿದರೆ ಅದು ಕಮಟು ಹಿಡಿದು ಯಾವ ಎಮ್ಮೆಯೂ ಮೂಸುವುದಿಲ್ಲ. ಗುಡ್ಡೆ ಗುಡ್ಡೆ ತೌಡು ಕೆಡುವುದನ್ನು ನೋಡಿ ಸಾವ್ಕಾರ್ರಿಗೆ ಊಟ ಸೇರುತ್ತಿರಲಿಲ್ಲ. ಒಂದು ಸಲ ಕಾಲುವೆ ಆಫೀಸಿನ ಕೆಲಸಕ್ಕೆ ಟಿ.ಬಿ. ಡ್ಯಾಮಿಗೆ ಹೋಗಿದ್ದಾಗ ಅಲ್ಲಿ ಯಾರೋ ಬಿಳಿ ಹಂದಿಯ ವಿಷಯ ಹೇಳಿದರಂತೆ. ಇಂಗ್ಲೆಂಡಿನ ತಳಿ, ಒಂದು ಸೂಲಿಗೆ ಹತ್ತು ಹನ್ನೆರಡು ಮರಿ, ತೌಡು ತಿಂದು ಬೆಳೆಯುತ್ತದೆ, ಗೋವಾದವರು ಲಾರಿ ತಂದು ಒಯ್ಯುತ್ತಾರೆ ಅಂತ. ಊರಿಗೆ ವಾಪಸ್ ಬಂದ ಸಾವ್ಕಾರ್ರು ಲಿಂಗಪೂಜೆಗೆ ಕುಂತರೂ ಕಣ್ಣು ಮುಚ್ಚಿದರೆ ತೌಡು, ತೆರೆದರೆ ಹಂದಿ.

ಅದು ಎಮರ್ಜೆನ್ಸಿ ಮುಗಿದ ವರ್ಷ. ಊರಲ್ಲಿ ಕಲ್ಯಾಣ ಮಂಟಪ ಕಟ್ಟಬೇಕು ಅಂತ ಆಗಲೇ ಒಂದು ಕಮಿಟಿ ಹುಟ್ಟಿತ್ತು. ಅಧ್ಯಕ್ಷರ ಕುರ್ಚಿ ಖಾಲಿ. ಅದರ ಮೇಲೆ ನಮ್ಮ ಸಾವ್ಕಾರ್ರ ಕಣ್ಣು, ಜವಳಿ ಅಂಗಡಿ ಕೊಟ್ರಯ್ಯನವರ ಕಣ್ಣೂ ಅದರ ಮೇಲೆಯೇ. ಹಂದಿ ಸಾಕುವವರನ್ನು ಮದುವೆ ಮಂಟಪಕ್ಕೆ ಅಧ್ಯಕ್ಷ ಮಾಡುವ ಊರು ಕಂಪ್ಲಿಯಲ್ಲ. ಸಾವ್ಕಾರ್ರಿಗೆ ಹಂದಿಯೂ ಬೇಕು, ಕುರ್ಚಿಯೂ ಬೇಕು. ಅಂದ ಮೇಲೆ ಹಂದಿ ಯಾರ ಕಣ್ಣಿಗೂ ಬೀಳಕೂಡದು.

ಮೆಟ್ರಿ ರಸ್ತೆಯಲ್ಲಿ ಕಾಲುವೆ ದಾಟಿದ ಮೇಲೆ ಅವರದೊಂದು ಜಾಗ ಇತ್ತು. ಅಲ್ಲಿ ಆಳೆತ್ತರಕ್ಕಿಂತ ಎತ್ತರ ಗೋಡೆ ಎಬ್ಬಿಸಿದರು. ಮೇಲೆ ಸಂದಿಲ್ಲದ ಹಾಗೆ ತಗಡು. ಗವಾಕ್ಷಿ ಇಡಲು ಹೋದ ಗೌಂಡಿಯನ್ನು ಬೈದು ಮುಚ್ಚಿಸಿದರು. ಊರಿಗೆಲ್ಲ ಅದು ಬಿತ್ತನೆ ಬೀಜದ ಗೋದಾಮು ಅಂತ ಹೇಳಿದರು. ಬೀಜಕ್ಕೆ ಬಿಸಿಲು ತಾಕಬಾರದಲ್ಲ, ಊರವರು ನಂಬಿದರು. ಹಂದಿಗಳು ಲಾರಿಯಲ್ಲಿ ತಾಡಪತ್ರಿ ಹೊದ್ದುಕೊಂಡು ಬಂದವು. ನೋಡಿಕೊಳ್ಳಲು ಎರ್ರಿಯಪ್ಪನನ್ನು ಇಟ್ಟರು. ಅವನ ಮನೆಯಲ್ಲಿ ಮೊದಲಿಂದಲೂ ಓಣಿಯ ಕರಿ ಹಂದಿಗಳಿದ್ದವು. ನನ್ನನ್ನು ಕಣದಿಂದ ಬಿಡಿಸಿ ಹಂದಿಗಳಿಗೆ ತೌಡಿನ ಅಂಬಲಿ ಕಾಸಲು ಅಲ್ಲಿಗೆ ಹಾಕಿದರು. ಬಾಯಿ ಬಿಟ್ಟರೆ ನನಗೂ ಗಂಡನಿಗೂ ಇಬ್ಬರಿಗೂ ಕೆಲಸ ಇಲ್ಲ ಅಂತ ಮೊದಲೇ ಹೇಳಿದ್ದರು. ಹಂದಿ ಅನ್ನುವ ಮಾತೂ ಅಲ್ಲಿ ಆಡುವಂತಿರಲಿಲ್ಲ. ಮಾಲು ಅನ್ನಬೇಕು. ಮಾಲು ಉಂಡ್ವಾ, ಮಾಲು ಮಲಗಿದ್ವಾ, ಹೀಗೆ.

ಹಂದಿ ಸಾಕಿದ ಪಾಪ ಮೈಗೆ ಅಂಟಬಾರದು ಅಂತ ಸಾವ್ಕಾರ್ರು ಒಂದು ದಾರಿ ಹುಡುಕಿದರು. ತಾವು ಬದಲಾಗುವುದು ಬಿಟ್ಟು ಹಂದಿಗಳನ್ನೇ ಬದಲು ಮಾಡಿದರು. ದಿನಾ ಎರಡು ಹೊತ್ತು ಸ್ನಾನ. ಬಾಗಿಲಿಗೆ ವಿಭೂತಿ ಪಟ್ಟೆ. ಸಂಜೆ ಊದುಬತ್ತಿ. ತಿನ್ನಲು ತೌಡು, ನುಚ್ಚು, ಶೇಂಗಾ ಹಿಂಡಿ, ಇಷ್ಟೇ. ಎರ್ರಿಯಪ್ಪ ಮೊದಲ ವಾರ ಖಾನಾವಳಿಯ ಎಂಜಲನ್ನು ಡಬ್ಬಿಯಲ್ಲಿ ತಂದಿದ್ದ. ಅದರಲ್ಲಿ ಮೀನಿನ ಮುಳ್ಳು ಕಂಡು ಸಾವ್ಕಾರ್ರು ಡಬ್ಬಿಯನ್ನು ಕಾಲುವೆಗೆ ಎಸೆಯಿಸಿದರು.

"ನನ್ನ ಮಾಲು ಅಂಥದ್ದು ಮುಟ್ಟಂಗಿಲ್ಲ" ಅಂದರು.

"ಮುಟ್ಟತಾವ್ರೀ ಸಾವ್ಕಾರ್ರ, ಮಸ್ತ್ ತಿಂತಾವ" ಅಂದ ಎರ್ರಿಯಪ್ಪ.

"ನಿನ್ನ ಹಂದಿ ತಿಂತಾವ. ಇವು ನಮ್ಮ ಮನೀವು."

ಸೋಮವಾರ ಸಾವ್ಕಾರ್ರು ಒಂದೊತ್ತು. ಹಂದಿಗಳೂ ಒಂದೊತ್ತು. ಅವತ್ತು ಸಂಜೆ ತನಕ ಅವು ಕಿರುಚುವುದನ್ನು ಕೇಳಿ ನಾನು ಕಿವಿಗೆ ಸೆರಗು ಕಟ್ಟಿಕೊಂಡು ಕುಂತಿರುತ್ತಿದ್ದೆ. ಉಪವಾಸದ ಪುಣ್ಯ ಯಾರ ಲೆಕ್ಕಕ್ಕೆ ಹೋಯಿತೋ ದೇವರಿಗೇ ಗೊತ್ತು.

ತಂದ ಹೆಣ್ಣು ಹಂದಿಗಳು ಈದವು. ಮರಿಗಳು ತೊಳೆದ ಗೆಣಸಿನ ಹಾಗಿದ್ದವು. ಸಾವ್ಕಾರ್ರು ನೋಡಿ ನೋಡಿ ಸಂತೋಷಪಟ್ಟರು. ಗೋವಾದ ವ್ಯಾಪಾರಿ ಬಂದು ನೋಡಿ ಹೋದ. ದೀಪಾವಳಿ ಕಳೆದ ಮೇಲೆ ಲಾರಿ ತರುತ್ತೇನೆ, ಆದರೆ ಹಲಗೆ ಮೇಲೆ ತಾವಾಗಿ ನಡೆದು ಲಾರಿ ಹತ್ತಿದ ಹಂದಿಗೆ ಮಾತ್ರ ರೊಕ್ಕ, ಹೊತ್ತು ಹಾಕಿದ್ದಕ್ಕೆ ಇಲ್ಲ ಅಂದ. ಸಾವ್ಕಾರ್ರು ನಕ್ಕು ಒಪ್ಪಿದರು. ನಾಲ್ಕು ಕಾಲಿನ ಪ್ರಾಣಿ ನಡೆಯದೆ ಏನು ಮಾಡುತ್ತದೆ.

ಮಳೆಗಾಲ ಬರುವ ಹೊತ್ತಿಗೆ ಮರಿಗಳು ನಡೆಯುವುದನ್ನು ಬಿಟ್ಟವು. ಮೊದಮೊದಲು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಿದ್ದವು, ಸುಡುವ ನೆಲದ ಮೇಲೆ ನಿಂತವರ ಹಾಗೆ. ಆಮೇಲೆ ಮೊಣಕಾಲಿನ ಗೆಣ್ಣುಗಳು ಊದಿದವು. ಮುಂಗಾಲು ಬಿಲ್ಲಿನ ಹಾಗೆ ಬಾಗಿತು. ಕೆಲವು ನಾಯಿಯ ಹಾಗೆ ಕುಂಡಿ ಮೇಲೆ ಕುಂತೇ ಇರುತ್ತಿದ್ದವು, ಅಂಬಲಿ ಸುರಿದರೆ ಮೊಣಕಾಲಲ್ಲಿ ತೆವಳಿಕೊಂಡು ಬರುತ್ತಿದ್ದವು. ಮೈ ಮಾತ್ರ ದುಂಡಗೆ. ತೌಡಿಗೆ ಕೊರತೆ ಇರಲಿಲ್ಲವಲ್ಲ.

ಎರ್ರಿಯಪ್ಪ ಇದು ದೃಷ್ಟಿ ಅಂದ. ಯಾರೂ ನೋಡದ ಹಂದಿಗೆ ಯಾರ ದೃಷ್ಟಿ ಅಂತ ನಾನು ಕೇಳಿದೆ. ಆದರೂ ಅವನು ಒಂದೊಂದರ ಕಾಲಿಗೂ ಕರಿ ದಾರ ಕಟ್ಟಿದ. ನನಗೆ ಸಿಮೆಂಟ್ ನೆಲದ ಮೇಲೆ ಅನುಮಾನ. ಹೊಟ್ಟು ಹಾಸಿದೆ. ಹೊಟ್ಟಿನ ಮೇಲೆ ಮೆತ್ತಗೆ ಕುಂತವೇ ಹೊರತು ಏಳಲಿಲ್ಲ.

ಕಂಪ್ಲಿಯ ದನದ ಡಾಕ್ಟ್ರನ್ನು ಕರೆಯುವಂತಿಲ್ಲ, ಅವರು ಕೊಟ್ರಯ್ಯನವರ ಮನೆಯಲ್ಲಿ ಬಾಡಿಗೆಗಿದ್ದರು. ಸಾವ್ಕಾರ್ರು ಹೊಸಪೇಟೆಯಿಂದ ಮೈಲಾರಲಿಂಗಪ್ಪ ಅನ್ನುವ ಡಾಕ್ಟ್ರನ್ನು ಕರೆಸಿದರು, ಎಮ್ಮೆಗೆ ಹುಷಾರಿಲ್ಲ ಅಂತ ಹೇಳಿ. ಡಾಕ್ಟ್ರು ಒಳಗೆ ಬಂದು ಕತ್ತಲಲ್ಲಿ ಸ್ವಲ್ಪ ಹೊತ್ತು ನಿಂತರು. ಕಣ್ಣು ಹೊಂದಿಕೊಂಡ ಮೇಲೆ, ಎಮ್ಮೆ ಭಾಳ ಬೆಳ್ಳಗೈತಲ್ರೀ ಅಂದರು. ಒಂದು ಮರಿಯ ಕಾಲು ಹಿಡಿದು ಒತ್ತಿ ನೋಡಿದರು, ತಲೆ ಎತ್ತಿ ತಗಡು ನೋಡಿದರು, ಗೋಡೆ ನೋಡಿದರು. ಏನು ತಿನ್ನಿಸುತ್ತೀರಿ ಅಂತ ಕೇಳಿದರು. ಸಾವ್ಕಾರ್ರು ಹೆಮ್ಮೆಯಿಂದ ಹೇಳಿದರು, ಸೋಮವಾರದ ಒಂದೊತ್ತನ್ನೂ ಸೇರಿಸಿ.

"ಇವಕ್ಕ ಬಿಸಿಲಿಲ್ರೀ. ಅದ ರೋಗ" ಅಂದರು ಡಾಕ್ಟ್ರು.

ಆಮೇಲೆ ನಮಗೆಲ್ಲ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಎಲುಬು ಗಟ್ಟಿಯಾಗಲು ಸುಣ್ಣದ ಅಂಶ ಬೇಕು. ಆದರೆ ತಿಂದ ಸುಣ್ಣ ತಾನಾಗಿ ಎಲುಬಿಗೆ ಹೋಗುವುದಿಲ್ಲ, ಅದನ್ನು ಒಳಗೆ ಕರಕೊಂಡು ಹೋಗುವುದಕ್ಕೆ ವಿಟಮಿನ್ ಡಿ ಅಂತ ಒಂದು ಬೇಕು. ಬಿಸಿಲು ಬಿದ್ದರೆ ಚರ್ಮದಲ್ಲೇ ಅದು ತಯಾರಾಗುತ್ತದೆ. ಓಣಿಯ ಹಂದಿ ದಿನವಿಡೀ ಬಿಸಿಲಲ್ಲಿ ತಿರುಗುತ್ತದೆ, ಅದಕ್ಕೆ ಕೊರತೆಯಿಲ್ಲ. ತೌಡಿನಲ್ಲಿ ಅದು ಇಲ್ಲ, ಮೇಲಾಗಿ ಬರೀ ತೌಡು ತಿಂದರೆ ಇದ್ದ ಸುಣ್ಣವೂ ಮೈಗೆ ಹತ್ತುವುದಿಲ್ಲ. ಈಗ ತಗಡು ತೆಗೆದು ಬಿಸಿಲು ಬಿಡಿ, ಇಲ್ಲ ಮೀನೆಣ್ಣೆ ಕುಡಿಸಿ.

ತಗಡು ತೆಗೆದರೆ ಕುರ್ಚಿ ಹೋಗುತ್ತದೆ. ಮೀನೆಣ್ಣೆ ಅಂದ ಕೂಡಲೇ ಸಾವ್ಕಾರ್ರು ಶಲ್ಯ ಮೂಗಿಗೆ ಹಿಡಿದರು. ಮೂರನೇದು ಏನೂ ಇಲ್ಲವೇ ಅಂತ ಕೇಳಿದರು. ಡಬ್ಬಿಯಲ್ಲಿ ಪುಡಿ ಬರುತ್ತದೆ, ಹುಬ್ಬಳ್ಳಿಯಿಂದ ತರಿಸಬೇಕು ಅಂದರು ಡಾಕ್ಟ್ರು.

"ಅದನ್ನ ಯಾತರಾಗ ಮಾಡ್ತಾರ?"

"ಕುರಿ ಉಣ್ಣಿ ಜಿಡ್ಡಿನಾಗ."

ಸಾವ್ಕಾರ್ರು ಕಣ್ಣು ಮುಚ್ಚಿ ಯೋಚಿಸಿದರು. ಕುರಿ ಬೇರೆ, ಉಣ್ಣೆ ಬೇರೆ. ಉಣ್ಣೆ ಕತ್ತರಿಸಿದರೆ ಕುರಿ ಸಾಯುವುದಿಲ್ಲ. ಕಂಬಳಿ ಹಾಸಿಕೊಂಡೇ ತಾನೆ ಪೂಜೆಗೆ ಕೂರುವುದು. ಹಾಗಾದರೆ ಅದು ಶುದ್ಧ. ಡಾಕ್ಟ್ರು ಅಳತೆ ಹೇಳಿದರು. ಪುಡಿಯನ್ನು ಮೊದಲು ಒಂದು ಬೊಗಸೆ ತೌಡಿಗೆ ಕಲಸಬೇಕು, ಆ ತೌಡನ್ನು ಒಂದು ಬುಟ್ಟಿ ತೌಡಿಗೆ, ಆಮೇಲೆ ಚೀಲಕ್ಕೆ. ಒಂದೇ ಕಡೆ ಬಿದ್ದರೆ ಒಂದಕ್ಕೆ ಜಾಸ್ತಿಯಾಗಿ ಅದೂ ವಿಷ. ಜೊತೆಗೆ ಸುಣ್ಣದ ಪುಡಿಯೂ ಬೇರೆ. ಈ ಕೆಲಸ ನನಗೆ ಒಪ್ಪಿಸಿದರು.

ಡಬ್ಬಿ ಬಂತು. ಸಾವ್ಕಾರ್ರು ಅದಕ್ಕೆ ಕುಂಕುಮ ಹಚ್ಚಿ, ಮುಚ್ಚಳ ತೆಗೆದು, ಮೂಸಿ, ಸ್ವಲ್ಪ ಬೆರಳಲ್ಲಿ ತಿಕ್ಕಿ ನೋಡಿದರು. ಮೆತ್ತಗೈತಿ ಅಂದರು. ಮಿಲ್ಲಿನವರ ಕೈಗೆ ಏನೇ ಬರಲಿ, ಅದು ಮೆತ್ತಗಿದ್ದರೆ ಮೊದಲ ಯೋಚನೆ ಒಂದೇ, ಕಣಕ್ಕೆ ಹಾಕು. ನೆಲ್ಲು ಒಣಗಿಸುತ್ತೇವೆ, ನುಚ್ಚು ಒಣಗಿಸುತ್ತೇವೆ, ಹುಳ ಬಿದ್ದ ಬೇಳೆ ಒಣಗಿಸುತ್ತೇವೆ, ಒಣಗಿಸಿದ್ದು ಕೆಟ್ಟದ್ದನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಸಾವ್ಕಾರ್ರಿಗೆ ಇನ್ನೂ ಒಂದು ವಿಚಾರ ಹೊಳೆಯಿತು.

"ಬಿಸಿಲಿನ ಬದಲಿಗೆ ಕೊಡೋ ಪುಡಿ ಇದು. ಬಿಸಿಲು ಕುಡದಷ್ಟೂ ಜೋರಾಕ್ಕೈತಿ. ಹರವು ಹೊನ್ನೂರಮ್ಮ."

ನನಗೂ ಅದು ಸರಿ ಅನ್ನಿಸಿತು. ಮಿಲ್ಲಿನ ಕಣದಲ್ಲಿ ಬಿಳಿ ಪಂಚೆ ಹಾಸಿ, ತೆಳ್ಳಗೆ ಹರವಿ, ಗುಬ್ಬಿ ಬಾರದಂತೆ ಕೋಲು ಹಿಡಿದು ಕುಂತೆ. ಬೆಳಿಗ್ಗೆ ಅಂಬಲಿ ಕಾಸಿಟ್ಟು ಬಂದು ಹರವುವುದು, ಸಂಜೆ ಗುಡಿಸಿ ಡಬ್ಬಿಗೆ ತುಂಬುವುದು. ಮಳೆ ಮೋಡ ಇದ್ದ ದಿನ ಮಾತ್ರ ತಡ ಮಾಡುತ್ತಿದ್ದೆ. ಕಾಲುವೆ ಆಚೆ ಕತ್ತಲಲ್ಲಿ ಮರಿಗಳು ಕುಂಡಿ ಮೇಲೆ ಕುಂತಿರುತ್ತಿದ್ದವು, ಈಚೆ ಕಣದಲ್ಲಿ ಅವುಗಳ ಪುಡಿ ದಿನವಿಡೀ ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಪುಡಿಯ ಬಣ್ಣ ಮಂಕಾಯಿತು. ಹದಕ್ಕೆ ಬಂತು ಅಂದರು ಸಾವ್ಕಾರ್ರು.

ಹದಕ್ಕೆ ಬಂದ ಪುಡಿ ತಿಂದು ಮರಿಗಳ ಕಾಲು ಇನ್ನಷ್ಟು ಬಾಗಿತು. ಗಣೇಶನ ಹಬ್ಬ ಮುಗಿದಿತ್ತು. ದೀಪಾವಳಿ ಕಳೆದು ಲಾರಿ ಬರುತ್ತದೆ. ಸಾವ್ಕಾರ್ರು ಕಮಿಟಿಯವರ ಮುಂದೆ ನಗುತ್ತಿದ್ದರು, ಗೋದಾಮಿಗೆ ಬಂದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಕೊನೆಗೆ ಮತ್ತೆ ಡಾಕ್ಟ್ರಿಗೆ ಹೇಳಿ ಕಳಿಸಿದರು. ಡಾಕ್ಟ್ರು ಈ ಸಲ ನೇರ ಮಿಲ್ಲಿಗೇ ಬಂದರು. ಕಣದಲ್ಲಿ ನಾನು ಕೋಲು ಹಿಡಿದು ಕುಂತಿದ್ದೆ.

"ಇದೇನಬೇ ಯಮ್ಮಾ?" ಅಂದರು.

ನಿಮ್ಮ ಪುಡಿನೇ, ಬಿಸಿಲಿಗೆ ಹಾಕೀವಿ ಅಂದೆ. ಡಾಕ್ಟ್ರು ಅಲ್ಲೇ ನೆಲ್ಲಿನ ಚೀಲದ ಮೇಲೆ ಕುಂತರು. ಬೈಯುತ್ತಾರೆ ಅಂದುಕೊಂಡೆ. ನೀರು ಕೇಳಿದರು, ಕುಡಿದರು. ಸಾವ್ಕಾರ್ರು ಓಡಿ ಬಂದ ಮೇಲೆ ಮೆತ್ತಗೆ ಹೇಳಿದರು, ಈ ಪುಡಿ ಬೆಳಕಿಗೆ, ಕಾವಿಗೆ ಕೆಡುತ್ತದೆ, ತಣ್ಣಗೆ ಕತ್ತಲಲ್ಲಿ ಇಡಬೇಕು, ಇಷ್ಟು ದಿನ ನೀವು ತಿನ್ನಿಸಿದ್ದು ಬರೀ ಹಿಟ್ಟು.

"ಹಂದೀನ ಕತ್ತಲದಾಗ ಇಟ್ಟು ಪುಡೀನ ಬಿಸಿಲಾಗ ಇಟ್ಟೀರಿ ಸಾವ್ಕಾರ್ರ. ಅದಲು ಬದಲು ಮಾಡ್ರಿ, ಸಾಕು."

ಹೊಸ ಡಬ್ಬಿ ತರಿಸಿದರು. ಅದು ನೀರಿನ ಗಡಿಗೆ ಹಿಂದಿನ ಕತ್ತಲು ಮೂಲೆಗೆ ಹೋಯಿತು. ಇಷ್ಟು ತಡವಾದ ಮೇಲೆ ಪುಡಿಯೊಂದರಿಂದಲೇ ಆಗುವುದಿಲ್ಲ, ಬಿಸಿಲೂ ಬೇಕು ಅಂತ ಡಾಕ್ಟ್ರು ಕಟ್ಟುನಿಟ್ಟಾಗಿ ಹೇಳಿದ್ದರು. ಸಾವ್ಕಾರ್ರು ಒಂದು ದಿನ ಪೂರ್ತಿ ಯೋಚಿಸಿ, ಗೋಡೆ ಎತ್ತರ ಇದೆಯಲ್ಲ ಅಂತ ಧೈರ್ಯ ತಂದುಕೊಂಡು, ಅರ್ಧ ಮಾಡಿನ ತಗಡು ಬಿಚ್ಚಿಸಿದರು. ಮರಿಗಳು ಮೊದಲ ಸಲ ಆಕಾಶ ನೋಡಿ ಗೋಡೆಗೆ ಒತ್ತಿಕೊಂಡವು. ಆಮೇಲೆ ಬಿಸಿಲಿಗೆ ತೆವಳಿ ಬಂದು ಮಗ್ಗುಲಾದವು. ಬಿಳಿ ಚರ್ಮ, ಎರಡನೇ ದಿನಕ್ಕೇ ಬೆನ್ನು ಕೆಂಪಾಗಿ ಸುಲಿಯಿತು. ಅದಕ್ಕೆ ಸಾವ್ಕಾರ್ರು ತಾವೇ ಬೆಳಿಗ್ಗೆ ಬರತೊಡಗಿದರು, ಕೈಯಲ್ಲಿ ಕೊಬ್ಬರಿ ಎಣ್ಣೆ. ಹೊತ್ತೇರಿದರೆ ತಮ್ಮ ಛತ್ರಿಯನ್ನೇ ಹಿಡಿಯುತ್ತಿದ್ದರು. ಎಲ್ಲಕ್ಕಿಂತ ಸೊಟ್ಟ ಕಾಲಿನದೊಂದು ಹೆಣ್ಣು ಮರಿ ಇತ್ತು. ಅದನ್ನು ಎತ್ತಿ ನಿಲ್ಲಿಸಿ, ಹೊಟ್ಟೆಗೆ ಕೈ ಕೊಟ್ಟು, "ಪುಟ್ಟೀ, ಬಾ ಪುಟ್ಟೀ" ಅಂತ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಿದ್ದರು. ತಮ್ಮ ಸ್ವಂತ ಮಕ್ಕಳಿಗೆ ಅವರು ನಡಿಗೆ ಕಲಿಸಿದ್ದನ್ನು ಕಂಪ್ಲಿಯಲ್ಲಿ ಯಾರೂ ನೋಡಿಲ್ಲ.

ದೀಪಾವಳಿ ಹೊತ್ತಿಗೆ ಮರಿಗಳು ಎದ್ದು ನಿಂತವು. ಬಾಗಿದ್ದು ಪೂರ್ತಿ ನೆಟ್ಟಗಾಗಲಿಲ್ಲ, ಆದರೆ ನಡೆದವು. ಪುಟ್ಟಿಯೂ ಕುಂಟುತ್ತ ನಡೆಯಿತು.

ಹಬ್ಬ ಮುಗಿದ ಸಂತೆ ದಿನ ಮೆಟ್ರಿ ಕಡೆಯಿಂದ ಬಸ್ಸು ಬಂತು. ಒಳಗೆ ಜಾಗವಿಲ್ಲದೆ ಜನ ಮೇಲೆ ಕುಂತಿದ್ದರು. ಕಾಲುವೆ ಸೇತುವೆ ಮೇಲೆ ಎಮ್ಮೆಗಳು ಅಡ್ಡ ನಿಂತಿದ್ದಕ್ಕೆ ಬಸ್ಸು ಸರಿಯಾಗಿ ನಮ್ಮ ಗೋಡೆ ಪಕ್ಕ ನಿಂತಿತು. ಗೋಡೆ ಕಟ್ಟಿಸುವಾಗ ಸಾವ್ಕಾರ್ರು ನಡೆದು ಹೋಗುವವರ ಎತ್ತರ ನೋಡಿದ್ದರು, ಬಂಡಿ ಮೇಲೆ ಕುಂತವರದೂ ನೋಡಿದ್ದರು, ಬಸ್ಸಿನ ಮೇಲೆ ಕುಂತವರದು ಅವರ ಲೆಕ್ಕದಲ್ಲಿ ಬಂದಿರಲಿಲ್ಲ. ಮೇಲಿನವರು ಬಗ್ಗಿ ನೋಡಿದರು. ಹಣೆ ತುಂಬ ವಿಭೂತಿ ಇಟ್ಟ ತೋಟಪ್ಪ ಸಾವ್ಕಾರ್ರು ಬಿಳಿ ಹಂದಿಯ ಮೇಲೆ ಛತ್ರಿ ಹಿಡಿದು ನಿಂತಿದ್ದರು. ಮೇಲಿಂದ ಒಬ್ಬ ಕೇಳಿದ:

"ಸಾವ್ಕಾರ್ರ, ಬಿತ್ತನಿ ಬೀಜಕ್ಕ ಬಾಲ ಬಂದಾವಲ್ರೀ."

ಬಸ್ಸು ಕಂಪ್ಲಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತು. ಕಮಿಟಿಯ ಸಭೆ ಇನ್ನೆರಡು ದಿನಕ್ಕೆ ಇತ್ತು. ಸಭೆಯ ದಿನ ಬೆಳಿಗ್ಗೆಯೇ ಗೋವಾದ ಲಾರಿ ಬಂದು ಬಾಗಿಲಿಗೆ ಹಿಂಬದಿ ಹಚ್ಚಿ ನಿಂತಿತು. ಹಲಗೆ ಇಳಿಸುತ್ತಿದ್ದಾರೆ, ಅಷ್ಟರಲ್ಲಿ ಕೊಟ್ರಯ್ಯನವರು ಹಿರಿಯರನ್ನು ಮುಂದಿಟ್ಟುಕೊಂಡು ಬಂದರು. ತಪಾಸಣೆಗೆ ಬಂದಿಲ್ಲ, ಹಂಗ ವಾಕಿಂಗ್ ಬಂದೀವಿ ಅಂದರು. ಕಾಲುವೆ ದಾಟಿ ಅಷ್ಟು ದೂರ ಅವರು ವಾಕಿಂಗ್ ಬಂದದ್ದು ಅದೇ ಮೊದಲು, ಅದೇ ಕೊನೆ.

"ಯಾರವ್ರೀ ತೋಟಪ್ನೋರ ಇವು?" ಅಂತ ಹಿರಿಯರೊಬ್ಬರು ಕೇಳಿದರು.

ಸಾವ್ಕಾರ್ರು ಹಂದಿಗಳನ್ನು ನೋಡಿದರು. ಹಿರಿಯರನ್ನು ನೋಡಿದರು.

"ನನ್ನವಲ್ರೀ. ಎರ್ರಿಯಪ್ಪನವು. ಬಡವ, ಜಾಗ ಇಲ್ಲ ಅಂದ, ಗೋದಾಮು ಖಾಲಿ ಇತ್ತು, ಇಟ್ಕಾ ಅಂದೆ."

ಎಲ್ಲರೂ ಎರ್ರಿಯಪ್ಪನ ಕಡೆ ತಿರುಗಿದರು. ಅವನು ಸಗಣಿ ಬಳಿಯುವ ಸಲಿಕೆ ಹಿಡಿದು ನಿಂತಿದ್ದ. ಸಾವ್ಕಾರ್ರ ಕಣ್ಣು ಅವನಿಗೆ ಹೂಂ ಅನ್ನು, ಹೂಂ ಅನ್ನು ಅಂತ ಹೇಳುತ್ತಿತ್ತು.

"ಹೌದೇನಲೇ, ನಿನ್ನವಾ?" ಅಂದರು ಕೊಟ್ರಯ್ಯ.

ಎರ್ರಿಯಪ್ಪ ಸಲಿಕೆಯನ್ನು ಗೋಡೆಗೆ ಒರಗಿಸಿದ. "ಹೌದ್ರೀ ಯಪ್ಪಾ, ನನ್ನವ."

ಸಾವ್ಕಾರ್ರು ಉಸಿರು ಬಿಟ್ಟರು. ಕೊಟ್ರಯ್ಯನವರು ಬಟ್ಟೆ ವ್ಯಾಪಾರಿ, ಎಲ್ಲಿ ಕತ್ತರಿ ಹಾಕಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು. ಭಾಳ ಸಂತೋಷ ಆತು ಅಂದರು. ಸಾವ್ಕಾರ್ರ ಮೇಲೆ ಊರವರು ಸುಮ್ಮನೆ ಅನುಮಾನ ಪಟ್ಟರು, ಅದನ್ನು ಈಗಲೇ ತೊಳೆದು ಬಿಡೋಣ ಅಂದರು. ಗೋವಾದವನನ್ನು ಕರೆದು, ಮಾಲು ಇವನದಂತೆ, ಎಲ್ಲರ ಮುಂದೆ ರೊಕ್ಕ ಇವನ ಕೈಗೇ ಕೊಡಪ್ಪ ಅಂದರು. ಗೋವಾದವನು ಸಾವ್ಕಾರ್ರ ಮುಖ ನೋಡಿದ. ಸಾವ್ಕಾರ್ರು ಕಾಲುವೆ ನೀರು ನೋಡುತ್ತಿದ್ದರು.

ಹಂದಿಗಳು ಹಲಗೆ ಹತ್ತಿದವು. ಒಂದೂ ಬೀಳಲಿಲ್ಲ. ಒಂದೊಂದು ಹತ್ತಿದ ಹಾಗೂ ಸಾವ್ಕಾರ್ರ ತುಟಿ ಅಲ್ಲಾಡುತ್ತಿತ್ತು, ಹಿರಿಯರು ಮಂತ್ರ ಅಂದುಕೊಂಡಿರಬೇಕು. ಕೊನೆಗೆ ಉಳಿದದ್ದು ಪುಟ್ಟಿ. ಅದು ಹಲಗೆ ತನಕ ಹೋಗಿ ನಿಂತಿತು, ಅತ್ತ ಇತ್ತ ಮೂಸಿತು, ತಿರುಗಿತು. ಕುಂಟುತ್ತ ಹಿರಿಯರ ಕಾಲುಗಳ ನಡುವೆ ನುಸುಳಿ ಬಂದು ಸಾವ್ಕಾರ್ರ ಧೋತರಕ್ಕೆ ಮೂತಿ ಒರೆಸಿತು.

ಸಾವ್ಕಾರ್ರು ಅಲ್ಲಾಡಲಿಲ್ಲ.

"ನಿಮ್ಮ ಗುರುತು ಐತೇನ್ರೀ ಇದಕ್ಕ?" ಅಂದರು ಕೊಟ್ರಯ್ಯ.

"ಎಲ್ಲಾರ ಹತ್ರನೂ ಹಂಗ ಹೋಗ್ತಿರಬೇಕು" ಅಂದರು ಸಾವ್ಕಾರ್ರು. ಆಮೇಲೆ ಎರ್ರಿಯಪ್ಪನಿಗೆ, "ಲೇ, ನಿನ್ನ ಹಂದಿ ಹಿಡ್ಕಾ" ಅಂದರು. ಮಾಲು ಅನ್ನಲಿಲ್ಲ.

ಎರ್ರಿಯಪ್ಪ ಅದನ್ನು ಹಿಡಿದ, ಆದರೆ ಲಾರಿಗೆ ಹತ್ತಿಸಲಿಲ್ಲ. ಇದು ನನ್ನ ಹತ್ತಿರ ಇರಲಿ ಅಂದ. ಗೋವಾದವನು ಉಳಿದವುಗಳ ರೊಕ್ಕ ಎಣಿಸಿ ಅವನ ಕೈಗೇ ಕೊಟ್ಟ. ಎರ್ರಿಯಪ್ಪ ಹಳೆಯ ತಾಯಿ ಹಂದಿಗಳನ್ನೂ ಬಿಚ್ಚಿಕೊಂಡ. ನಾನು ಅವನ ಪಕ್ಕ ಹೋಗಿ, ರೊಕ್ಕ ಸಂಜೆ ಸಾವ್ಕಾರ್ರ ಮನೆಗೆ ಒಯ್ಯುತ್ತೀಯಲ್ಲ ಅಂತ ಕೇಳಿದೆ. ಅವನಿಗೆ ಆಶ್ಚರ್ಯವೇ ಆಯಿತು.

"ಹಿರೇರ ಮುಂದ ಆಡ್ಯಾರಬೇ ಸಾವ್ಕಾರ್ರು. ಅವರ ಮಾತು ಸುಳ್ಳು ಮಾಡ್ಲೇನು?"

ಬಾಡಿಗೆ ಬಂಡಿಯಲ್ಲಿ ಅವನ್ನು ಹಾಕಿಕೊಂಡು ಅವತ್ತೇ ಅವನು ಬಂಡ್ರಿಗೆ ಹೋದ, ಹೆಂಡತಿಯ ತವರಿಗೆ. ಅಲ್ಲಿ ಬಯಲಲ್ಲೇ ಸಾಕಿದ, ಗಣಿ ಕೂಲಿಯವರು ಒಳ್ಳೆ ಗಿರಾಕಿ ಅಂತ ಆಮೇಲೆ ಕೇಳಿದೆ. ಸಾವ್ಕಾರ್ರು ಪೊಲೀಸಿಗೆ ಹೋಗುವಂತಿರಲಿಲ್ಲ. ಏನಂತ ಹೇಳುತ್ತಾರೆ.

ಸಂಜೆ ಸಭೆಯಲ್ಲಿ ಕೊಟ್ರಯ್ಯನವರೇ ಎದ್ದು ನಿಂತು ತೋಟಪ್ಪನವರ ಹೆಸರು ಹೇಳಿದರಂತೆ. ಬಡವನಿಗೆ ಜಾಗ ಕೊಟ್ಟ ದೊಡ್ಡ ಮನಸ್ಸು, ಇಂಥವರು ಅಧ್ಯಕ್ಷರಾದರೆ ಮಂಟಪಕ್ಕೆ ಮೊದಲ ದೇಣಿಗೆಯನ್ನೂ ಅಷ್ಟೇ ದೊಡ್ಡದಾಗಿ ಕೊಡುತ್ತಾರೆ ಅಂತ. ಎಲ್ಲರೂ ಚಪ್ಪಾಳೆ ತಟ್ಟಿದರು. ಕುರ್ಚಿ ಸಿಕ್ಕಿತು. ಹನ್ನೆರಡು ವರ್ಷ ಸಾವ್ಕಾರ್ರು ಅದರ ಮೇಲೆ ಕುಂತರು, ಮಂಟಪದ ಸಾಲ ತೀರಿಸುತ್ತ.

ಅವತ್ತು ಸಭೆ ಮುಗಿಸಿ ಅವರು ಮನೆಗೆ ಬಂದಾಗ ನಾನು ಹಿತ್ತಲಲ್ಲಿದ್ದೆ, ಗೋದಾಮಿನ ಬೀಗದ ಕೈ ಕೊಡಲು ಬಂದಿದ್ದೆ. ಕೊರಳಲ್ಲಿ ಹಾರ ಹಾಗೇ ಇತ್ತು. ಅವರ ಹೆಂಡತಿ ಕಾಲಿಗೆ ನೀರು ತಂದಿಟ್ಟರು. ಹಂದಿಯ ವಿಷಯ ಆಕೆ ಒಂದು ದಿನವೂ ಬಾಯಲ್ಲಿ ಎತ್ತಿದವರಲ್ಲ, ಆದರೆ ಧೋತರ ಒಗೆಯುವವರಿಗೆ ಗೊತ್ತಿಲ್ಲದ್ದು ಯಾವುದು.

"ಎಲ್ಲಾ ನಡಕೊಂಡು ಹೋದ್ವಾ?" ಅಂದರು ಮೆತ್ತಗೆ.

ಸಾವ್ಕಾರ್ರು ಕಾಲು ತೊಳೆಯುವುದನ್ನು ನಿಲ್ಲಿಸಿದರು.

"ಒಂದೂ ಬೀಳ್ಲಿಲ್ಲ" ಅಂದರು.